ಒಂದೇ ಹೆಸರು, ಮೂವರು ಚರ್ಚಿಲ್‌ಗಳು: ಕೊಳ್ಳುವ ಮುನ್ನ ನೋಡಬೇಕಾದದ್ದು

‘ರಿಚರ್ಡ್ ಕಾರ್ವೆಲ್’ ಕಾದಂಬರಿಯ ರಕ್ಷಾಪುಟದಲ್ಲಿ ಬ್ರಿಟಿಷ್ ಪ್ರಧಾನಿಯ ಚಿತ್ರ ಕಂಡರೆ, ಅಚ್ಚು ಹಾಕಿದವರು ಪುಸ್ತಕ ತೆರೆದೇ ನೋಡಿಲ್ಲ ಎಂದು ತಿಳಿಯಿರಿ. ಅದನ್ನು ಬರೆದವರು ಸೇಂಟ್ ಲೂಯಿಸ್‌ನಲ್ಲಿ ಹುಟ್ಟಿದ ಅಮೆರಿಕದ ವಿನ್‌ಸ್ಟನ್ ಚರ್ಚಿಲ್ (1871–1947). 1899ರಲ್ಲಿ ಅದು ಭರ್ಜರಿಯಾಗಿ ಮಾರಾಟವಾಗುತ್ತಿದ್ದಾಗ ಬ್ರಿಟನ್ನಿನ ಚರ್ಚಿಲ್ (1874–1965) ಇನ್ನೂ ಹೆಸರು ಮಾಡಬೇಕಿದ್ದ ತರುಣ. ಗೊಂದಲ ತಪ್ಪಿಸಲು ತಾವೇ ಪತ್ರ ಬರೆದು, ತಮ್ಮ ಪುಸ್ತಕಗಳಿಗೆ ‘ವಿನ್‌ಸ್ಟನ್ ಸ್ಪೆನ್ಸರ್ ಚರ್ಚಿಲ್’ ಎಂದು ಸಹಿ ಹಾಕುವುದಾಗಿ ಒಪ್ಪಿದರು. ಅಮೆರಿಕದವರಿಗೆ ನಡುಹೆಸರೇ ಇರಲಿಲ್ಲ. ಹಾಗಾಗಿ ಮುಖಪುಟದ ‘ಎಸ್’ ಮೊದಲ ಗುರುತು.

ಆದರೆ ಅದೊಂದನ್ನೇ ನಂಬುವಂತಿಲ್ಲ. ಬ್ರಿಟಿಷ್ ಚರ್ಚಿಲ್ಲರ ಮೊಮ್ಮಗ ವಿನ್‌ಸ್ಟನ್ ಎಸ್. ಚರ್ಚಿಲ್ (1940–2010) ತಂದೆ ರಾಂಡಾಲ್ಫ್ ಜೊತೆ ಸೇರಿ 1967ರ ಅರಬ್–ಇಸ್ರೇಲ್ ಕದನದ ಬಗ್ಗೆ ‘ದಿ ಸಿಕ್ಸ್ ಡೇ ವಾರ್’ ಬರೆದರು. ಅಜ್ಜ ತೀರಿಕೊಂಡದ್ದು 1965ರಲ್ಲಿ. ಆದರೂ ಅಂಗಡಿಗಳ ಪಟ್ಟಿಯಲ್ಲಿ ಅದು ಅಜ್ಜನ ಖಾತೆಗೇ ಬೀಳಬಹುದು. ‘ಕಾದಂಬರಿಯಾದರೆ ಅಮೆರಿಕದವರದು, ಯುದ್ಧವಾದರೆ ಬ್ರಿಟಿಷರದು’ ಎಂಬ ಸೂತ್ರವೂ ಎರಡೂ ಕಡೆ ಕೈಕೊಡುತ್ತದೆ. ‘ಸವ್ರೋಲಾ’ (1900) ಬ್ರಿಟಿಷ್ ಚರ್ಚಿಲ್ಲರ ಏಕೈಕ ಕಾದಂಬರಿ. ಓದಬೇಡಿ ಎಂದು ಸ್ನೇಹಿತರಿಗೆ ಅವರೇ ಹೇಳಿದ್ದರು, ಆ ಸಲಹೆ ಸರಿಯಾಗಿಯೇ ಇದೆ. ಅತ್ತ ‘ಎ ಟ್ರಾವೆಲರ್ ಇನ್ ವಾರ್-ಟೈಮ್’ (1918) ಅಮೆರಿಕದವರದು. ಎಲ್ಲಕ್ಕಿಂತ ದೊಡ್ಡ ಬಲೆ ಶೀರ್ಷಿಕೆಗಳಲ್ಲಿದೆ: ‘ದಿ ಕ್ರೈಸಿಸ್’ (1901) ಅಮೆರಿಕದ ಅಂತರ್ಯುದ್ಧದ ಕಾದಂಬರಿ, ‘ದಿ ವರ್ಲ್ಡ್ ಕ್ರೈಸಿಸ್’ (1923–31) ಬ್ರಿಟಿಷರ ಮೊದಲ ಮಹಾಯುದ್ಧದ ಇತಿಹಾಸ. ಗ್ರಂಥಾಲಯದ ಸೂಚಿಯಲ್ಲಿ ಲೇಖಕರ ಜನನ–ಮರಣದ ವರ್ಷ ನೋಡುವುದೇ ಖಾತ್ರಿಯ ದಾರಿ.

ಓದಿನ ಮಾತಿಗೆ ಬಂದರೆ, ‘ರಿಚರ್ಡ್ ಕಾರ್ವೆಲ್’ನ ಲಂಡನ್ ಭಾಗ ಎಳೆದಾಡುತ್ತದೆ, ಪ್ರೇಮಕಥೆಯ ಕೊನೆ ಮೊದಲೇ ಗೊತ್ತಾಗುತ್ತದೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ನೌಕಾ ನಾಯಕ ಜಾನ್ ಪಾಲ್ ಜೋನ್ಸ್‌ನ ನೌಕಾಯುದ್ಧ ಮಾತ್ರ ಸೊಗಸು. ಬರೆದವರು ಅಮೆರಿಕದ ನೌಕಾ ಅಕಾಡೆಮಿಯಲ್ಲಿ ಓದಿದವರು. ‘ದಿ ಕ್ರೈಸಿಸ್’ ಅದಕ್ಕಿಂತ ಗಟ್ಟಿ. ಒಂದೇ ಊರು ಎರಡು ಪಕ್ಷವಾಗುವುದನ್ನು ಸೇಂಟ್ ಲೂಯಿಸ್ ಬಲ್ಲವರ ಕಣ್ಣಿನಿಂದ ತೋರಿಸುತ್ತದೆ. ಲಿಂಕನ್‌ಗೆ ಮಾತ್ರ ಹೂವಿನ ಹಾರ ಹೆಚ್ಚಾಯಿತು. ಗುಲಾಮರ ಚಿತ್ರಣವಂತೂ ಇಂದು ಮುಜುಗರ ತರಿಸುತ್ತದೆ.

ಬ್ರಿಟಿಷ್ ಚರ್ಚಿಲ್ಲರ ಮೊದಲ ಪುಸ್ತಕ ‘ಮಲಕಂಡ್ ಫೀಲ್ಡ್ ಫೋರ್ಸ್’ (1898), ಭಾರತದ ವಾಯವ್ಯ ಗಡಿಯ ದಂಡಯಾತ್ರೆಯ ಕಥೆ, ಬೆಂಗಳೂರಿನ ದಂಡಿನಲ್ಲಿದ್ದಾಗ ಬರೆದದ್ದು. ಅಲ್ಲಿನ ಕ್ಲಬ್ಬಿಗೆ ಅವರು ಉಳಿಸಿದ ಹದಿಮೂರು ರೂಪಾಯಿ ಬಾಕಿಯ ಕಥೆ ಊರಿಗೆಲ್ಲ ಗೊತ್ತು, ಈ ಪುಸ್ತಕ ಅಷ್ಟಾಗಿ ಗೊತ್ತಿಲ್ಲ. ಕರಡು ತಿದ್ದಿದ್ದು ಲಂಡನ್ನಿನಲ್ಲಿದ್ದ ಬಂಧು. ಹಾಗಾಗಿ ಮೊದಲ ಮುದ್ರಣದ ತುಂಬ ತಪ್ಪುಗಳು. ಓದುವುದಕ್ಕಾದರೆ ತಿದ್ದಿದ ಪಾಠವನ್ನೇ ಆರಿಸಿ.

ಸುಡಾನ್ ಯುದ್ಧದ ಕಥೆಯಾದ ‘ದಿ ರಿವರ್ ವಾರ್’ನಲ್ಲಿ ಇದಕ್ಕೆ ವಿರುದ್ಧ. 1899ರಲ್ಲಿ ಎರಡು ಸಂಪುಟವಾಗಿ ಬಂದದ್ದು 1902ರಲ್ಲಿ ಒಂದಕ್ಕೆ ಇಳಿಯಿತು. ಸುಡಾನಿನ ಧಾರ್ಮಿಕ ನಾಯಕ ಮಹ್ದಿಯ ಗೋರಿ ಕೆಡವಿದ್ದಕ್ಕೆ ಬ್ರಿಟಿಷ್ ಸೇನಾಪತಿ ಕಿಚನರ್ ಮೇಲಿದ್ದ ಖಾರದ ಟೀಕೆ ಆ ಕತ್ತರಿಗೆ ಸಿಕ್ಕಿತು. ಇಸ್ಲಾಂ ಬಗ್ಗೆ ಬರೆದಿದ್ದ ಒರಟು ಮಾತುಗಳೂ ಹೋದವು. ಲೇಖಕರ ಗುಣ–ದೋಷ ಎರಡೂ ಬೇಕೆಂದರೆ ಎರಡು ಸಂಪುಟದ್ದನ್ನೇ ಹುಡುಕಿ. ಅಗ್ಗದ ಪ್ರತಿಗಳು ಸಾಮಾನ್ಯವಾಗಿ 1902ರ ಪಾಠ. ಓಮ್‌ಡರ್ಮನ್‌ನ ಕದನದಲ್ಲಿನ ಕುದುರೆ ದಾಳಿಯನ್ನು ಎಲ್ಲರೂ ಹೊಗಳುತ್ತಾರೆ. ನಿಜವಾದ ಶ್ರೇಷ್ಠ ಅಧ್ಯಾಯ ಮರುಭೂಮಿಯ ರೈಲಿನದು: ವಾದಿ ಹಾಲ್ಫಾದಿಂದ ಅಬು ಹಮೀದ್‌ವರೆಗೆ ಹಳಿ, ನೀರು, ಸಾಮಗ್ರಿ ಹೇಗೆ ಸಾಗಿದವು ಎಂಬ ಲೆಕ್ಕಾಚಾರದಲ್ಲೇ ಯುದ್ಧದ ಫಲಿತಾಂಶ ಕಾಣುತ್ತದೆ. ನಕ್ಷೆಗಳಿಲ್ಲದ ಮುದ್ರಣ ತೆಗೆದುಕೊಂಡರೆ ಇದೆಲ್ಲ ತಲೆಗೆ ಹತ್ತುವುದಿಲ್ಲ. ಕೊಳ್ಳುವ ಮೊದಲು ಮಾದರಿ ಪುಟಗಳಲ್ಲಿ ನಕ್ಷೆ ಇದೆಯೇ ನೋಡಿ.

‘ದಿ ವರ್ಲ್ಡ್ ಕ್ರೈಸಿಸ್’ನ ಹಳೆಯ ಪ್ರತಿ ಕೊಳ್ಳುವವರು ಎಣಿಸಿ ಕೊಳ್ಳಬೇಕು. ಮೊದಲ ಮುದ್ರಣ ಐದು ಸಂಪುಟ, ಆದರೆ ಆರು ಪುಸ್ತಕ. 1916–1918ರ ಮೂರನೆಯದು ಎರಡು ಭಾಗವಾಗಿದೆ. ‘ಪೂರ್ತಿ ಐದು’ ಎಂದು ಮಾರುವ ಕಟ್ಟಿನಲ್ಲಿ ಐದೇ ಪುಸ್ತಕಗಳಿದ್ದರೆ ಒಂದು ಕಡಿಮೆ ಇದೆ.