ಶನಿವಾರ ರಾತ್ರಿ ಎಂಟು ಗಂಟೆ: ಎರಡು ವರ್ಷದ ಆನ್‌ಲೈನ್ ಎಂ.ಕಾಂ ಮುಗಿಸಿದ ಮೇಲೆ

ಸಾಗರದ ಹತ್ತಿರ ಸಹಕಾರ ಸಂಘದಲ್ಲಿ ನನ್ನ ಕೆಲಸ. ಆನ್‌ಲೈನ್ ಎಂ.ಕಾಂ ಕೊನೆಗೂ ಮುಗಿಯಿತು. ಫೀಸು, ಸಿಲಬಸ್, ಮಾನ್ಯತೆ ಎಲ್ಲ ನೀವು ನೋಡಿರುತ್ತೀರಿ, ಅದನ್ನು ಬಿಡುತ್ತೇನೆ.

ಮೊದಲ ಸೆಮಿಸ್ಟರ್ ಪೂರ್ತಿ ನನ್ನನ್ನು ಹೆಸರು ಹಿಡಿದು ಕರೆದವರು ಒಬ್ಬರೂ ಇಲ್ಲ. ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿಯ 2020ರ ನಿಯಮದಂತೆ ಆನ್‌ಲೈನ್ ಕೋರ್ಸಿನಲ್ಲಿ ವಿಡಿಯೊ ಪಾಠ, ಓದುವ ಸಾಮಗ್ರಿ, ಚರ್ಚೆಗೆ ಜಾಗ, ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು ಇರಬೇಕು. ನಾಲ್ಕೂ ಇದ್ದವು. ಆದರೆ ನಾನು ಕೇಳಿದ ಪ್ರಶ್ನೆಗೆ ಉತ್ತರ ಬಂದಿದ್ದು ಅಸೈನ್‌ಮೆಂಟ್ ಕೊಡುವ ದಿನ ದಾಟಿದ ಮೇಲೆ. ನೂರಕ್ಕೆ 30 ಅಂಕ ಆ ಅಸೈನ್‌ಮೆಂಟ್‌ಗಳದ್ದೇ! ಓದು ಬಿಡ್ತೀನಿ ಅಂತ ಅಣ್ಣನಿಗೆ ಹೇಳಿಯೂ ಆಗಿತ್ತು.

ಎರಡನೇ ಸೆಮಿಸ್ಟರಿನಲ್ಲಿ ಕಾಸ್ಟ್ ಅಕೌಂಟಿಂಗಿಗೆ, ಅಂದರೆ ಒಂದು ವಸ್ತು ತಯಾರಾಗಲು ಎಷ್ಟು ಖರ್ಚು ಅನ್ನುವ ಲೆಕ್ಕಕ್ಕೆ, ಹೊಸ ಮೇಡಂ ಬಂದರು. ಪ್ರತಿ ಶನಿವಾರ ರಾತ್ರಿ ಎಂಟಕ್ಕೆ ಶುರುವಾಗಿ ಮುಕ್ಕಾಲು ಗಂಟೆ ಕ್ಲಾಸ್, ಬರೀ ಡೌಟ್ ಕೇಳಲು. ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. "ಊಟ ಆಯ್ತೇನಮ್ಮಾ? ಈ ವಾರ ಎಲ್ಲಿ ನಿಂತೆ?"

ಅವತ್ತು ಏಳೂವರೆಗೇ ಊಟ ಮುಗಿಸುತ್ತಿದ್ದೆ. ನಮ್ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಟ್ಟದ ಕಿಟಕಿ ಪಕ್ಕ ಮಾತ್ರ. ಅಡಿಕೆ ಚೀಲಕ್ಕೆ ಮೊಬೈಲ್ ಒರಗಿಸಿ, ಪಕ್ಕದಲ್ಲಿ ಕ್ಯಾಲ್ಕುಲೇಟರ್, ಒಂದು ಲೋಟ ಕಷಾಯ. ಕರೆಂಟ್ ಹೋದರೆ ಚಾರ್ಜಿಂಗ್ ಲೈಟ್. ಹಂಚಿನ ಮೇಲೆ ಮಳೆ ಜೋರಾಗಿ ನನ್ನ ಮಾತು ಅತ್ತ ಕೇಳದಿದ್ದರೆ ಬರೆದು ಕಳಿಸುತ್ತಿದ್ದೆ. ಮೇಡಂ ಅದನ್ನು ಎಲ್ಲರಿಗೂ ಓದಿ ಹೇಳುತ್ತಿದ್ದರು.

ಬೀದರಿನ ಅಕ್ಕ ಒಬ್ಬರು ಪರಿಚಯವಾಗಿದ್ದು ಅಲ್ಲೇ. ಹಿಟ್ಟು ಜರಡಿ ಹಿಡಿದಾಗ ಹೋಗುವ ತೌಡು ನಾರ್ಮಲ್ ಲಾಸ್ (ಆಗಿಯೇ ಆಗುವ ನಷ್ಟ), ಅದರ ಖರ್ಚನ್ನು ಉಳಿದ ಹಿಟ್ಟೇ ಹೊರುತ್ತದೆ. ಮಗ ಚೆಲ್ಲಿದ ಹಿಟ್ಟು ಅಬ್ನಾರ್ಮಲ್ ಲಾಸ್ (ಆಗಬಾರದಿದ್ದ ನಷ್ಟ), ಅದು ಲಾಭ ನಷ್ಟದ ಖಾತೆಗೆ ಹೋಗುತ್ತದೆ ಅಂತ ಅವರು ಕೈಯಲ್ಲಿ ಬರೆದು ವಾಟ್ಸಾಪಿಗೆ ಕಳಿಸಿದ್ದರು. ಪರೀಕ್ಷೆಯಲ್ಲಿ ಆ ಲೆಕ್ಕ ಬಂತು, ಸಲೀಸಾಗಿ ಮಾಡಿದೆ.

ಕೊನೆಯ ಸೆಮಿಸ್ಟರಿಗೆ ಆ ಮೇಡಂ ಇರಲಿಲ್ಲ. ಗುತ್ತಿಗೆ ಮುಗಿಯಿತಂತೆ. ಎರಡು ಬ್ಯಾಚ್ ಸೇರಿಸಿ ಒಂದೇ ಕ್ಲಾಸ್ ಮಾಡಿದರು, ಎಲ್ಲರ ಮೈಕ್ ಬಂದ್. ನನಗೆ ತುಂಬಾ ಬೇಜಾರಾಗಿದ್ದು ಇದಕ್ಕೇ. ಇಷ್ಟು ಚೆನ್ನಾಗಿ ನಡೆದದ್ದನ್ನು ಉಳಿಸಿಕೊಳ್ಳಬಹುದಿತ್ತು, ಅಲ್ವಾ?

ಶಿವಮೊಗ್ಗದಲ್ಲಿ ರೂಮು ಮಾಡಿಕೊಂಡು ಓದುವುದು ನನ್ನ ಸಂಬಳದಲ್ಲಿ ಆಗುತ್ತಿರಲಿಲ್ಲ, ಹಾಗಾಗಿ ಸೇರಿದ್ದಕ್ಕೆ ಪಶ್ಚಾತ್ತಾಪ ಇಲ್ಲ. ನೀವು ಸೇರುವವರಿದ್ದರೆ ಮೊದಲು ಫೋನ್ ಮಾಡಿ ಕೇಳಿ: ಡೌಟ್ ಬಿಡಿಸುವ ಒಬ್ಬ ಮೆಂಟರ್‌ಗೆ ಎಷ್ಟು ವಿದ್ಯಾರ್ಥಿಗಳು? ಅವರು ನಾಲ್ಕೂ ಸೆಮಿಸ್ಟರ್ ಇರುತ್ತಾರಾ?

ನಾವು ಒಂಬತ್ತು ಜನ ಈಗಲೂ ಶನಿವಾರ ಎಂಟಕ್ಕೆ ಸೇರುತ್ತೇವೆ. ಊಟ ಆಯ್ತಾ ಅಂತ ಬೀದರಿನ ಅಕ್ಕ ಕೇಳುತ್ತಾರೆ.