ಮೊದಲ ಸಾಲು: ಎಐ ಬರೆಯಲಿ ಎನ್ನುವುದಾ, ತಿದ್ದಲಿ ಎನ್ನುವುದಾ?

ಇನ್‌ಸ್ಟಾಗ್ರಾಂ ಕ್ಯಾಪ್ಷನ್‌ನಲ್ಲಿ 2,200 ಅಕ್ಷರಕ್ಕೆ ಜಾಗವಿದೆ. ಆದರೆ ಫೀಡ್‌ನಲ್ಲಿ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ದಾವಣಗೆರೆಯ ನಮ್ಮ ಬೆಣ್ಣೆ ದೋಸೆ ಅಂಗಡಿಗಾಗಿ ಆ ಸಾಲಿಗೆ ಎಐ ಬಳಸುವ ಎರಡು ದಾರಿ ನೋಡಿದೆ.

ಒಂದು, ಪೂರ್ತಿ ಎಐಗೇ ಬಿಡುವುದು. "ಬೆಣ್ಣೆ ದೋಸೆಗೆ ಕ್ಯಾಪ್ಷನ್ ಕೊಡು" ಅಂದೆ. "ರುಚಿಯ ಅದ್ಭುತ ಪಯಣಕ್ಕೆ ಸಿದ್ಧರಿದ್ದೀರಾ?" ಎಂದು ಬಂತು. ರುಚಿ ತೆಗೆದು ಬಣ್ಣ ಅಂತ ಹಾಕಿದರೆ ಸೀರೆ ಅಂಗಡಿಗೂ ಆಗುತ್ತೆ, ಅಲ್ವಾ? ಮೇಲೆ "ದಶಕಗಳ ಪರಂಪರೆ" ಬೇರೆ. ಅಂಗಡಿ ತೆರೆದದ್ದು ಹೋದ ವರ್ಷ!

ಇನ್ನೊಂದು, ನಾವೇ ಒರಟಾಗಿ ಬರೆದು ತಿದ್ದಿಸುವುದು. ನಾನು ಬರೆದದ್ದು: "ಬೆಳಿಗ್ಗೆ ಏಳಕ್ಕೆ ನಮ್ಮ ಹಂಚು ಕಾದಿರುತ್ತದೆ, ಬೆಣ್ಣೆ ಬಿದ್ದ ಕೂಡಲೇ ಘಮ ರಸ್ತೆಯವರೆಗೂ ಬರುತ್ತದೆ, ಎಲ್ಲರೂ ಬನ್ನಿ." "ಐದು ಚಿಕ್ಕ ರೂಪ ಕೊಡು, ಹೊಸ ವಿಷಯ ಸೇರಿಸಬೇಡ" ಎಂದು ಕೇಳಿದೆ. ನಾಲ್ಕು ಸಪ್ಪೆಯಾಗಿದ್ದವು. ಐದನೆಯದು: "ಏಳಕ್ಕೆ ಹಂಚು ಕಾಯುತ್ತೆ. ಘಮ ರಸ್ತೆಗೇ ಬರುತ್ತೆ." ಅದನ್ನೇ ಹಾಕಿದೆ.

ಇದಕ್ಕೆ ಹತ್ತು ನಿಮಿಷ ಜಾಸ್ತಿ ಬೇಕು, ನಿಜ. ರಜೆ, ಸಮಯ ಬದಲಾವಣೆಯಂಥ ಪೋಸ್ಟ್‌ಗೆ ಮೊದಲ ದಾರಿಯೇ ಸಾಕು. ದೋಸೆಯ ಫೋಟೊ ಹಾಕುವ ದಿನ ಮಾತ್ರ ಎರಡನೆಯದು.