ಮೈಸೂರಿನಲ್ಲಿ ತಿಂಗಳುಗಟ್ಟಲೆ ಯೋಗ ಕಲಿಕೆ: ಎರಡು ಗಂಟೆಯ ಕ್ಲಾಸು, ಉಳಿದ ದಿನದ ಬದುಕು

ಮೈಸೂರಿನ ಗೋಕುಲಂ ಬಡಾವಣೆಯಲ್ಲಿ ಮನೆ ಹಿಡಿದು ಅಷ್ಟಾಂಗ ಯೋಗ, ಅಂದರೆ ಉಸಿರಿನ ಲೆಕ್ಕಕ್ಕೆ ಗೊತ್ತಾದ ಕ್ರಮದಲ್ಲಿ ಆಸನ ಮಾಡುವ ಪದ್ಧತಿ, ಕಲಿತ ಮೇಲೆ ಬರೆಯುತ್ತಿರುವ ವಿಮರ್ಶೆ ಇದು. ಮುಂಗಾರು ಶುರುವಾಗುವ ಹೊತ್ತಿಗೆ ಬಂದೆ, ಚಳಿ ಪೂರ್ತಿ ಕಳೆದ ಮೇಲೆ ಹೊರಟೆ. ವಾರ, ಹದಿನೈದು ದಿನ ಇದ್ದು ಹೋದವರ ಅಭಿಪ್ರಾಯಗಳು ಬೇಕಾದಷ್ಟು ಸಿಗುತ್ತವೆ. ಅವರೆಲ್ಲ ಶಾಲೆಯ ಬಗ್ಗೆ, ಗುರುಗಳ ಬಗ್ಗೆ ಬರೆಯುತ್ತಾರೆ. ಆದರೆ ದುಡ್ಡು ಕೊಟ್ಟು ತಗೊಳ್ಳುವ ಕ್ಲಾಸು ಬೆಳಗಿನ ಎರಡು ಗಂಟೆ ಮಾತ್ರ. ಆಮೇಲಿನ ಊಟ, ನಿದ್ದೆ, ಮಧ್ಯಾಹ್ನ ಸರಿಯಾಗಿದ್ದರೆ ಮಾತ್ರ ಆ ಎರಡು ಗಂಟೆ ಮೈಗೆ ಹತ್ತುತ್ತದೆ. ಹಾಗಾಗಿ ನನ್ನ ಅಭಿಪ್ರಾಯ ಇಡೀ ದಿನದ ಮೇಲೆ. ನಾನು ಕಲಿತದ್ದು ಒಂದು ಚಿಕ್ಕ ಶಾಲೆಯಲ್ಲಿ. ದೂರುಗಳೂ ಇರುವುದರಿಂದ ಅದರ ಹೆಸರು ಹಾಕುವುದಿಲ್ಲ.

ಮೊದಲು ಕ್ಲಾಸು. ಇದಕ್ಕೆ 'ಮೈಸೂರು ಸ್ಟೈಲ್' ಅಂತಲೇ ಜಗತ್ತೆಲ್ಲ ಹೆಸರು. ಒಂದೇ ಹಾಲ್‌ನಲ್ಲಿ ಎಲ್ಲರೂ ಇರುತ್ತಾರೆ, ಆದರೆ ಒಬ್ಬೊಬ್ಬರು ಒಂದೊಂದು ಆಸನದಲ್ಲಿ ಇರುತ್ತಾರೆ. ಪಕ್ಕದವರು ತಲೆ ಕೆಳಗೆ ಮಾಡಿ ನಿಂತಿರಬಹುದು, ನೀವು ಇನ್ನೂ ಸೂರ್ಯ ನಮಸ್ಕಾರದಲ್ಲಿ ಇರಬಹುದು. ಯಾರೂ ಮುಂದೆ ನಿಂತು ಮಾಡಿ ತೋರಿಸುವುದಿಲ್ಲ. ಕ್ರಮ ನಿಮಗೆ ಬಾಯಿಪಾಠ ಆಗಿರಬೇಕು. ಸೂರ್ಯ ನಮಸ್ಕಾರ ಎ-ಗೆ 9 ವಿನ್ಯಾಸ (ಒಂದೊಂದು ಉಸಿರಿಗೆ ಒಂದೊಂದು ಚಲನೆ), ಬಿ-ಗೆ 17. ಆಮೇಲೆ ನಿಂತು ಮಾಡುವ ಆಸನಗಳು, ನಂತರ ಕೂತು ಮಾಡುವುದು. ಈ ಮೊದಲ ಸರಣಿಗೆ 'ಯೋಗ ಚಿಕಿತ್ಸೆ' ಅಂತ ಹೆಸರು. ಒಂದು ಆಸನ ಕೂತಿದೆ ಅಂತ ಗುರುಗಳಿಗೆ ಅನ್ನಿಸಿದರೆ ಮಾತ್ರ ಮುಂದಿನದು ಸಿಗುತ್ತದೆ.

ಇಲ್ಲಿಯೇ ತುಂಬಾ ಜನ ಬೇಸರ ಪಡುತ್ತಾರೆ. ನನ್ನ ಗಾಡಿ ಮರೀಚ್ಯಾಸನ ಡಿ-ಯಲ್ಲಿ ನಿಂತಿತು. ಒಂದು ಕಾಲು ಅರ್ಧ ಪದ್ಮದಲ್ಲಿ, ಇನ್ನೊಂದು ಕಾಲಿನ ಮಂಡಿ ಮೇಲೆತ್ತಿ ಮಡಿಚಿ, ಸೊಂಟ ತಿರುಗಿಸಿ ಕೈ ಹಿಂದೆ ಹಿಡಿಯಬೇಕು. ತೊಡೆ ಬುಡದ ಕೀಲು ಹೊರಗೆ ತಿರುಗದಿದ್ದರೆ ಆ ಭಾರ ಎಲ್ಲ ಮಂಡಿಗೆ ಬೀಳುತ್ತದೆ. ಮಂಡಿ ಹಾಗೆ ತಿರುಗುವ ಕೀಲಲ್ಲ, ಅದು ಮಡಿಚುವ ಕೀಲು. ನಮ್ಮ ಗುರುಗಳು ಕೈ ಹಿಡಿದು ಎಳೆದು ಆಸನ ಮಾಡಿಸಲಿಲ್ಲ. 'ಇದು ಬಿಡಮ್ಮ, ಜಾನುಶೀರ್ಷಾಸನದಲ್ಲಿ ಇನ್ನೂ ಐದು ಉಸಿರು ಜಾಸ್ತಿ ಕೂತ್ಕೋ' ಅಂದರು. ವಾರಗಟ್ಟಲೆ ಅದೇ. ಹೊಸ ಆಸನ ಸಿಗಲೇಬೇಕು ಅಂತ ಬಂದವರಿಗೆ ಇದು ಕಷ್ಟ. ನನಗೆ ಈ ಶಾಲೆಯ ಮೇಲೆ ನಂಬಿಕೆ ಬಂದದ್ದು ಈ ವಿಷಯದಲ್ಲೇ. ಒಂದು ತಿಂಗಳಲ್ಲಿ ಎಲ್ಲ ಕಲಿಸಿ ಸರ್ಟಿಫಿಕೇಟ್ ಕೊಡುವ ಕೋರ್ಸ್‌ಗಳಲ್ಲಿ ಈ ಕಾಯುವಿಕೆಗೆ ಜಾಗವೇ ಇರುವುದಿಲ್ಲ.

ವಾರದಲ್ಲಿ ಒಂದು ದಿನ ಎಲ್ಲರಿಗೂ ಒಟ್ಟಿಗೆ ಎಣಿಕೆಯ ಕ್ಲಾಸು. ಏಕಂ, ದ್ವೇ, ತ್ರೀಣಿ ಅಂತ ಗುರುಗಳು ಎಣಿಸುತ್ತಾರೆ, ಎಲ್ಲರೂ ಒಂದೇ ಉಸಿರಿಗೆ ಚಲಿಸಬೇಕು. ಉಳಿದ ದಿನ ನಾವೇ ಎಷ್ಟು ಅವಸರ ಮಾಡುತ್ತೇವೆ ಅನ್ನುವುದು ಆ ದಿನ ಗೊತ್ತಾಗುತ್ತದೆ. ಕೊನೆಗೆ ಪದ್ಮಾಸನದಲ್ಲಿ ಕೂತು ಕೈ ಊರಿ ಮೈ ಎತ್ತುವ ಉತ್ಪ್ಲುತಿ ಇದೆ. ಗುರುಗಳು ಎಣಿಸುವಾಗ ಅದರ ಹತ್ತು ಉಸಿರು ಮುಗಿಯುವುದೇ ಇಲ್ಲ!

ಇನ್ನೊಂದು ಮಾತು, ಮುಖ್ಯವಾದದ್ದು. ಈ ಪದ್ಧತಿಯಲ್ಲಿ ಗುರುಗಳು ಮೈ ಮುಟ್ಟಿ ತಿದ್ದುತ್ತಾರೆ. ನಮ್ಮ ಶಾಲೆಯಲ್ಲಿ ಸೇರುವ ದಿನವೇ ಕೇಳಿದರು, ಮುಟ್ಟಿ ತಿದ್ದಿದರೆ ಪರವಾಗಿಲ್ವಾ, ಎಲ್ಲಾದರೂ ನೋವಿದೆಯಾ ಅಂತ. ಬೇಡ ಅಂದವರನ್ನು ಬಾಯಿಮಾತಿನಲ್ಲೇ ತಿದ್ದಿದರು. ನೀವು ಎಲ್ಲಿಗೇ ಸೇರಿ, ಈ ಪ್ರಶ್ನೆ ಅವರು ಕೇಳದಿದ್ದರೆ ನೀವೇ ಎತ್ತಿ. ಉತ್ತರ ಸರಿ ಬರದಿದ್ದರೆ ಆ ಶಾಲೆ ಬೇಡ.

ಇನ್ನು ದಿನಚರಿ. ಮೊದಲ ಬ್ಯಾಚ್ ಬೆಳಗಿನ ನಾಲ್ಕೂವರೆಗೆ. ಶಾಲೆಯ ಗಡಿಯಾರ ಬೇರೆ ಹದಿನೈದು ನಿಮಿಷ ಮುಂದೆ. ಅಂದರೆ ಮೂರೂವರೆಗೆ ಏಳಬೇಕು, ರಾತ್ರಿ ಎಂಟೂವರೆಗೆ ಮಲಗಬೇಕು. ಏಳುವುದು ಕೆಲವು ದಿನದಲ್ಲಿ ರೂಢಿ ಆಗುತ್ತದೆ. ಮಲಗುವುದೇ ಕಷ್ಟ. ಮೈಸೂರಿನ ಮನೆಗಳಲ್ಲಿ ಊಟದ ಮಾತು ಶುರುವಾಗುವ ಹೊತ್ತಿಗೆ ನೀವು ದೀಪ ಆರಿಸಿರಬೇಕು. ಊರಲ್ಲಿ ನೆಂಟರು ಇರುವವರು ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದಸರಾ ಹತ್ತಿರ ಬಂದಾಗಂತೂ ಊರೆಲ್ಲ ದೀಪ, ರಾತ್ರಿ ತನಕ ಜನ. ಒಂದು ಸಂಜೆ ದೀಪ ನೋಡಿ ಬಂದರೆ ಮರುದಿನದ ಅಭ್ಯಾಸದಲ್ಲಿ ಅದು ಕಾಣುತ್ತದೆ. ಆದರೂ ಹೋಗಿ, ನೋಡಿ ಅನ್ನುತ್ತೇನೆ.

ಊಟದಲ್ಲಿ ನನಗೆ ಸಿಕ್ಕ ಪಾಠ ಸರಳ. ಹಿಂದಿನ ರಾತ್ರಿ ತಿಂದದ್ದು ಬೆಳಗಿನ ಮುಂಬಾಗುವ ಆಸನಗಳಲ್ಲಿ ತನ್ನ ಲೆಕ್ಕ ಹೇಳುತ್ತದೆ. ಸಂಜೆ ಆರಕ್ಕೆ ಅನ್ನ, ಹೆಸರುಬೇಳೆ ತೊವ್ವೆ, ಬೇಯಿಸಿದ ತರಕಾರಿ. ಅಷ್ಟೇ ಸಾಕು. ಅಭ್ಯಾಸ ಮುಗಿದ ಮೇಲೆ ಎಳನೀರು ಕುಡಿಯುವುದು ಗೋಕುಲಂನ ಹಳೇ ರೂಢಿ. ಎಳನೀರು ಗಾಡಿ ಹತ್ತಿರ ಹತ್ತು ದೇಶದವರು ನಿಂತು ಮಾತಾಡುತ್ತಿರುತ್ತಾರೆ. ಆಮೇಲೆ ಹೊಟ್ಟೆ ತುಂಬಾ ತಿಂಡಿ. ಅಲ್ಲಿನ ಕೆಫೆಗಳಲ್ಲಿ ಚೆನ್ನಾಗಿರುತ್ತದೆ, ಆದರೆ ವಿದೇಶಿಯರ ಜೇಬು ನೋಡಿ ಬೆಲೆ ಇಟ್ಟಿರುತ್ತಾರೆ. ದಿನಾ ಅಲ್ಲಿ ತಿಂದರೆ ತಿಂಗಳ ಖರ್ಚಿನಲ್ಲಿ ಬಾಡಿಗೆಯ ನಂತರದ ಜಾಗ ಅದಕ್ಕೇ. ಎರಡು ರಸ್ತೆ ದಾಟಿದರೆ ಮಾಮೂಲಿ ಹೋಟೆಲ್‌ಗಳಲ್ಲಿ ಇಡ್ಲಿ, ಪೊಂಗಲ್ ಸಿಗುತ್ತದೆ.

ನಾನಿದ್ದ ಮನೆಯ ಮಹಡಿ ರೂಮು ಒಂದು ಭಾಗ್ಯ. ಕೆಳಗೆ ವಯಸ್ಸಾದ ಅಜ್ಜಿ ಇದ್ದರು. ಹುಣ್ಣಿಮೆ, ಅಮಾವಾಸ್ಯೆಗೆ ಅಷ್ಟಾಂಗ ಶಾಲೆಗಳು ರಜೆ. ನಾನು ಕ್ಯಾಲೆಂಡರ್ ನೋಡುವ ಮುಂಚೆ ಅವರೇ 'ನಾಳೆ ಅಮಾಸೆ ಕಣಮ್ಮ, ಮಲಕ್ಕೋ' ಅನ್ನುತ್ತಿದ್ದರು. ಶನಿವಾರ ನಮಗೆ ವಾರದ ರಜೆ, ಎಣ್ಣೆ ಸ್ನಾನದ ದಿನ. ಹರಳೆಣ್ಣೆ ಹಚ್ಚಿಕೊಂಡು ಸ್ವಲ್ಪ ಹೊತ್ತು ಕೂತು, ಬಿಸಿನೀರು, ಸೀಗೆಪುಡಿ, ಚಿಗರೆಪುಡಿ. ಎಣ್ಣೆ ಹೋಗಿಸುವುದು ಸುಲಭದ ಕೆಲಸ ಅಲ್ಲ, ಆದರೆ ವಾರವಿಡೀ ಬಿಗಿದ ಭುಜ, ಸೊಂಟ ಅಂದೇ ಸಡಿಲ ಆಗುತ್ತದೆ. ಎಣ್ಣೆ ಸ್ನಾನದ ದಿನ ಬೇರೆ ಏನೂ ಇಟ್ಟುಕೊಳ್ಳಬೇಡಿ. ನಿದ್ದೆ ಎಳೆಯುತ್ತದೆ.

ಇನ್ನು ಮಧ್ಯಾಹ್ನ. ತಿಂಡಿ ಆಗಿ, ಬಟ್ಟೆ ಒಗೆದು ಮುಗಿಸಿದರೂ ಹತ್ತೂವರೆ. ಮುಂದೆ ಏನು? ಎರಡನೇ ತಿಂಗಳಲ್ಲಿ ಹಲವರು ಬಿಟ್ಟು ಹೋಗುವುದು ಈ ಖಾಲಿ ಹೊತ್ತನ್ನು ತಾಳಲಾರದೆ ಅಂತ ನನಗೆ ಅನ್ನಿಸಿದೆ. ನಮ್ಮಲ್ಲಿ ವಾರಕ್ಕೆ ಎರಡು ದಿನ ಪತಂಜಲಿಯ ಯೋಗಸೂತ್ರದ ಪಾಠ ಇತ್ತು. ಗುರುಗಳು ಒಂದೊಂದೇ ಸೂತ್ರ ಬಾಯಲ್ಲಿ ಹೇಳಿಕೊಟ್ಟು ನಮ್ಮಿಂದ ಹೇಳಿಸುತ್ತಿದ್ದರು. ಮೊದಲ ಪಾದದ (ಅಧ್ಯಾಯದ) 14ನೇ ಸೂತ್ರ ಅಭ್ಯಾಸದ ಬಗ್ಗೆ: ತುಂಬಾ ಕಾಲ, ನಡುವೆ ಬಿಡದೆ, ಆದರದಿಂದ ಮಾಡಿದರೆ ಮಾತ್ರ ನೆಲೆ ಗಟ್ಟಿಯಾಗುತ್ತದೆ ಅಂತ. ಮರೀಚ್ಯಾಸನದಲ್ಲಿ ನಿಂತಿದ್ದ ದಿನಗಳಲ್ಲಿ ಅದನ್ನು ಹೇಳುವಾಗ ಗಂಟಲು ತುಂಬಿ ಬರುತ್ತಿತ್ತು.

ಕನ್ನಡ ಓದಲು ಬರುವವರಿಗೆ ಇಲ್ಲಿ ಒಂದು ದೊಡ್ಡ ಅನುಕೂಲ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಇಂದು ಜಗತ್ತಿಗೆಲ್ಲ ಹರಡಿರುವ ಈ ಪದ್ಧತಿಯ ಮೂಲ ಪುಸ್ತಕಗಳು ಕನ್ನಡದವು. ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರ 'ಯೋಗ ಮಕರಂದ' 1934ರಲ್ಲಿ ಕನ್ನಡದಲ್ಲಿ ಬಂತು. 'ಯೋಗಾಸನಗಳು' 1941ರದ್ದು, ಅದರಲ್ಲಿ ಆಸನಗಳಿಗೆ ವಿನ್ಯಾಸದ ಎಣಿಕೆಯ ಪಟ್ಟಿಯೇ ಇದೆ. ಅವರ ಶಿಷ್ಯ, ಹಾಸನದ ಹತ್ತಿರದ ಕೌಶಿಕದವರಾದ ಪಟ್ಟಾಭಿ ಜೋಯಿಸರ 'ಯೋಗ ಮಾಲಾ' 1962ರಲ್ಲಿ ಅಚ್ಚಾಯಿತು, ಅದೂ ಕನ್ನಡದಲ್ಲೇ. ನನ್ನ ಜೊತೆಯವರು ಇವನ್ನೆಲ್ಲ ಅನುವಾದದಲ್ಲಿ ಓದುತ್ತಿದ್ದರು. ಬೆಳಿಗ್ಗೆ ಮಾಡಿದ ಆಸನವನ್ನು ಮಧ್ಯಾಹ್ನ ನನ್ನ ಭಾಷೆಯಲ್ಲೇ ಓದುವ ಖುಷಿ ನನ್ನದಾಗಿತ್ತು. ಜಗನ್ಮೋಹನ ಅರಮನೆ ಈಗ ಚಿತ್ರಕಲಾ ಗ್ಯಾಲರಿ. ಒಂದು ಮಧ್ಯಾಹ್ನ ಅಲ್ಲಿಗೆ ಹೋಗಿ ಬನ್ನಿ. ಕುಕ್ಕರಹಳ್ಳಿ ಕೆರೆ ಏರಿ ಸಂಜೆಯ ನಡಿಗೆಗೆ ಚೆನ್ನ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಮಾತ್ರ ರಜೆಯ ಹಿಂದಿನ ದಿನಕ್ಕೆ ಇಟ್ಟುಕೊಳ್ಳಿ. ಹತ್ತಿ ಇಳಿದ ತೊಡೆ ಮರುದಿನ ಮಾತು ಕೇಳುವುದಿಲ್ಲ.

ದೂರುಗಳು. ಡಿಸೆಂಬರಿನಿಂದ ಫೆಬ್ರವರಿವರೆಗೆ ಜನ ಜಾಸ್ತಿ. ನಮ್ಮ ಬ್ಯಾಚ್‌ನ ಹೊತ್ತಿಗೆ ಬಂದರೂ ಮೆಟ್ಟಿಲ ಮೇಲೆ ಕೂತು ಕಾಯಬೇಕಿತ್ತು. ಒಳಗಿನಿಂದ 'ಒನ್ ಮೋರ್' ಅಂತ ಕೂಗಿದಾಗ ಒಬ್ಬರು ಎದ್ದು ಹೋಗುವುದು. ಮೈ ಬೆಚ್ಚಗಾಗುವುದಕ್ಕೇ ಆಮೇಲೆ ಹೊತ್ತು ಬೇಕಾಗುತ್ತದೆ. ಗುರುಗಳ ಗಮನವೂ ಆ ತಿಂಗಳುಗಳಲ್ಲಿ ಹಂಚಿಹೋಗುತ್ತದೆ. ಪ್ರಾಣಾಯಾಮ ನನಗೆ ಕಲಿಸಲೇ ಇಲ್ಲ. ಆಸನ ಗಟ್ಟಿಯಾಗಲಿ ಅನ್ನುವುದು ಅವರ ನಿಲುವು, ಅದಕ್ಕೆ ಕಾರಣವೂ ಇದೆ. ಆದರೆ ಇಷ್ಟು ಕಾಲ ಇದ್ದವರಿಗೆ ಸ್ವಲ್ಪವಾದರೂ ಹೇಳಿಕೊಡಬಹುದಿತ್ತು. ಬಾಡಿಗೆಯೂ ಸೀಸನ್ ನೋಡಿ ಏರುತ್ತದೆ. ಹೀಗಾಗಿ ಮಳೆಗಾಲದಲ್ಲೇ ಬಂದು ಕರಾರು ಮಾಡಿಕೊಳ್ಳುವುದು ಲಾಭ. ಮಳೆಗಾಲದ ತೊಂದರೆ ಒಂದೇ, ಅಭ್ಯಾಸಕ್ಕೆ ಹಾಸುವ ಹತ್ತಿ ಜಮಖಾನ ಒಣಗುವುದಿಲ್ಲ. ಎರಡು ಇಟ್ಟುಕೊಳ್ಳಿ.

ಮೈಗೆ ಏನಾಯಿತು ಅಂತ ಎಲ್ಲರೂ ಕೇಳುತ್ತಾರೆ. ಕುರ್ಚಿ ಕೆಲಸದಿಂದ ಬಂದಿದ್ದ ಸೊಂಟ ನೋವು ಕಡಿಮೆ ಆಗಿದೆ, ನಿದ್ದೆ ಗಾಢವಾಗಿದೆ. ಮರೀಚ್ಯಾಸನ ಡಿ ಎಡಕ್ಕೆ ಆಗುತ್ತದೆ, ಬಲಕ್ಕೆ ಬೆರಳು ಮಾತ್ರ ತಾಗುತ್ತದೆ. ಮನೆಗೆ ಬಂದ ಮೇಲೂ ಯಾರೂ ಹೇಳದೆ ಅಭ್ಯಾಸ ನಡೆಯುತ್ತಿದೆ. ಕ್ರಮ ಬಾಯಿಪಾಠ ಇರುವುದರಿಂದ ಫೋನೂ ಬೇಡ, ವಿಡಿಯೋನೂ ಬೇಡ. ಕೊಟ್ಟ ಹಣಕ್ಕೆ ನನಗೆ ಸಿಕ್ಕ ಅತಿ ದೊಡ್ಡ ವಸ್ತು ಇದೇ.

ಹೋಗುವವರು ಶುಲ್ಕ ಕಟ್ಟುವ ಮುಂಚೆ ಮೂರು ವಿಷಯ ಕೇಳಿ. ಭಾರತೀಯರಿಗೆ ಬೇರೆ ದರ ಇದೆಯಾ, ಒಂದು ಬ್ಯಾಚ್‌ಗೆ ಎಷ್ಟು ಜನ, ನಡುವೆ ಹುಷಾರು ತಪ್ಪಿದರೆ ಆ ದಿನಗಳನ್ನು ಮುಂದಕ್ಕೆ ಹಾಕುತ್ತಾರಾ. ಮೂರನೆಯದಕ್ಕೆ ನನಗೆ ಸಿಕ್ಕ ಉತ್ತರ 'ಇಲ್ಲ'. ಅದಕ್ಕೇ ಮೂರು ತಿಂಗಳದ್ದು ಒಟ್ಟಿಗೆ ಕಟ್ಟದೆ ತಿಂಗಳು ತಿಂಗಳು ಕಟ್ಟಿದೆ. ನೀವೂ ಹಾಗೇ ಮಾಡಿ.